ಬಾಟಲಿ ಅಲ್ಲಾಡಿಸಿ ಕಲಿಸಿದ ಪಾಠ

ಬೈರಮಂಗಲ ಕೆರೆಯ ನೊರೆ ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ತು ಈ ಕೆರೆಗೆ ಬರುತ್ತಾಳೆ. ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. 9ನೇ ಕ್ಲಾಸಿನ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಜೊತೆಗೆ ‘ತಪ್ಪೆಲ್ಲ ಬೆಂಗಳೂರಿನವರದು ಸಾರ್’ ಅಂತ ಸೇರಿಸುತ್ತಾರೆ. ಜಲಮಾಲಿನ್ಯದ ನನ್ನ ಪಾಠ ನಾಲ್ಕು ವರ್ಷ ಮುಗ್ಗರಿಸಿದ್ದು ಅಲ್ಲೇ.

ಮೊದಲು ಪ್ರಬಂಧ ಬರೆಸಿದೆ. 40 ಮಕ್ಕಳೂ ಒಂದೇ ಗೈಡು ನೋಡಿ ಬರೆದರು. ಮರುವರ್ಷ 4,500 ರೂಪಾಯಿಗೆ ಮಿನಿ ಬಸ್ ಮಾಡಿ ನದಿಯುದ್ದಕ್ಕೂ ಕರೆದುಕೊಂಡು ಹೋದೆ. ಗಾಳಿ ಆಂಜನೇಯ ಗುಡಿ ಹತ್ತಿರ ಮೂಗು ಮುಚ್ಚಿಕೊಂಡರು, ವಾಪಸ್ ಬರುವಾಗ ಅಂತ್ಯಾಕ್ಷರಿ ಆಡಿದರು. ಆಮೇಲೆ 3,800 ಕೊಟ್ಟು ನೀರು ಪರೀಕ್ಷೆಯ ಕಿಟ್ ತಂದೆ. ಅರ್ಧ ದುಡ್ಡು ನನ್ನದೇ. ಏಪ್ರಿಲ್ ಬಿಸಿಲಿಗೆ ಬೀರುವಿನಲ್ಲೇ ರಾಸಾಯನಿಕ ಕೆಟ್ಟುಹೋಯಿತು. ‘ಮೇಷ್ಟ್ರೇ, ಸುಮ್ನೆ ಸಿಲಬಸ್ ಮುಗಿಸಿ’ ಅಂದರು ಜೊತೆಯವರು.

ಕೊನೆಗೆ ಕೈ ಹಿಡಿದಿದ್ದು ಒಂದು ಲೀಟರಿನ ಖಾಲಿ ಬಾಟಲಿ ಮತ್ತು ಸ್ಕೇಲು. ಅರ್ಧ ಬಾಟಲಿ ನೀರು, ಮುಚ್ಚಳ ಬಿಗಿ ಮಾಡಿ 20 ಸಲ ಅಲ್ಲಾಡಿಸುವುದು, ಒಂದು ನಿಮಿಷ ಬಿಟ್ಟು ನೊರೆ ಅಳೆಯುವುದು. ಬೋರ್‌ವೆಲ್ ನೀರಲ್ಲಿ ಏನೂ ನಿಲ್ಲಲಿಲ್ಲ. ಕೆರೆ ನೀರಲ್ಲಿ ಹೆಚ್ಚುಕಡಿಮೆ 3 ಸೆಂಟಿಮೀಟರ್. ಎಲ್ಲರೂ ‘ನೋಡಿ ಸಾರ್’ ಅಂದರು. ಆಗ ನಾನು, ‘ನಾಳೆ ನಿಮ್ಮ ಮನೆ ಬಚ್ಚಲ ಮೋರಿ ನೀರು ತನ್ನಿ, ಬಟ್ಟೆ ಒಗೆದ ದಿನದ್ದು’ ಅಂದೆ. ಅದರ ನೊರೆ ಬಾಟಲಿ ಕುತ್ತಿಗೆವರೆಗೂ ಬಂತು. ಕ್ಲಾಸಲ್ಲಿ ಸದ್ದೇ ಇಲ್ಲ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, ‘ಸಾ, ನಮ್ಮ ಮೋರಿ ನೀರೂ ಕೆರೆಗೇ ಅಲ್ವಾ ಹೋಗೋದು?’ ಅಂದಳು.

ಆ ಪ್ರಶ್ನೆ ಬರುವ ತನಕ ಮೇಷ್ಟ್ರು ಬಾಯಿ ಬಿಡಬಾರದು. ನಾನು ಕಲಿತಿದ್ದು ಇಷ್ಟೇ.

ಮರುದಿನ ಲೆಕ್ಕ ಹಾಕಿದೆವು. ಮನೆಗೆ ತಿಂಗಳಿಗೆ ಸುಮಾರು ಒಂದೂವರೆ ಕೆಜಿ ಸೋಪಿನ ಪುಡಿ. ಊರಲ್ಲಿ 300 ಮನೆ. ನಾಲ್ಕೂವರೆ ಕ್ವಿಂಟಲ್! ಅದು ಎಷ್ಟು ಮೂಟೆ ರಾಗಿಯ ತೂಕ ಅಂತ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ನೀರಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸಲು ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬಳಸಿದೆ. ಅಲಂಕಾರಿಕ ಮೀನಿನ ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕಿತು. ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲಜನಕ ತಿಂದು ಮುಗಿಸಿದ ಮೇಲೆ ನೀಲಿ ಬಣ್ಣ ಹೋಗಬೇಕು. ಮೊದಲ ಎರಡು ಸಲ ಹೋಗಲೇ ಇಲ್ಲ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೆ, ಗಾಳಿ ಅಲ್ಲಿಂದ ಸೇರುತ್ತಿತ್ತು. ಕಂಠಪೂರ್ತಿ ತುಂಬಿಸಿ, ಗುಳ್ಳೆ ಇಲ್ಲದಂತೆ ಮುಚ್ಚಿ, ಕತ್ತಲಲ್ಲಿ ಇಡಬೇಕು. ಬೆಳಕಿದ್ದರೆ ಪಾಚಿ ಮತ್ತೆ ಆಮ್ಲಜನಕ ಬಿಡುತ್ತದೆ. ಮೂರನೇ ಸಲ ಕೆರೆ ನೀರು ಮಾರನೇ ಬೆಳಿಗ್ಗೆಗೆ ಬಣ್ಣ ಕಳೆದುಕೊಂಡಿತ್ತು. ಬೋರ್‌ವೆಲ್ ನೀರು ವಾರವಾದರೂ ನೀಲಿಯೇ. ಎಷ್ಟು ಹನಿ ಹಾಕಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಕ್ಕಳೇ ಹುಡುಕಲಿ, ಪಾಠ ಅದರಲ್ಲೇ ಇದೆ.

ನಡುವೆ ಹೆಸರುಕಾಳಿನ ಪ್ರಯೋಗ ನನ್ನನ್ನೇ ಕಟ್ಟಿಹಾಕಿತು. ಮೂರು ತಟ್ಟೆಯಲ್ಲಿ ಕಾಳು ಹಾಕಿ ಒಂದಕ್ಕೆ ಬೋರ್‌ವೆಲ್ ನೀರು, ಒಂದಕ್ಕೆ ಕೆರೆ ನೀರು, ಒಂದಕ್ಕೆ ಬಟ್ಟೆ ಒಗೆದ ಮೊದಲ ನೀರು. ಸೋಪಿನ ತಟ್ಟೆ ಸತ್ತಿತು. ಕೆರೆ ನೀರಿನದು ಎಲ್ಲಕ್ಕಿಂತ ಹಸಿರಾಗಿ ಎದ್ದು ನಿಂತಿತು! ‘ಸಾರ್, ಹಂಗಾದ್ರೆ ಕೆರೆ ನೀರೇ ಒಳ್ಳೇದು. ನಮ್ಮ ಬೇಬಿ ಕಾರ್ನ್, ಸೀಮೆ ಹುಲ್ಲು ಎಲ್ಲಾ ಅದ್ರಲ್ಲೇ ಬೆಳೆಯೋದು’ ಅಂದ ಒಬ್ಬ. ಅವನು ಹೇಳಿದ್ದು ಸುಳ್ಳಲ್ಲ. ಕೊಳಚೆಯಲ್ಲಿ ಸಾರಜನಕ, ರಂಜಕ ಜಾಸ್ತಿ. ಉತ್ತರವನ್ನು ಬಾಯಲ್ಲಿ ಹೇಳದೆ ಎರಡು ಬಕೆಟ್ ಇಟ್ಟೆ, ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಕೆರೆ ನೀರು. ಎರಡಕ್ಕೂ ಒಂದೊಂದು ಹಿಡಿ ಅಂತರಗಂಗೆ, ನೀರ ಮೇಲೆ ತೇಲುವ ಕಳೆ. ಮೂರು ವಾರಕ್ಕೆ ಕೆರೆ ನೀರಿನ ಬಕೆಟ್ ಮೇಲೆ ಬೆರಳು ತೂರಿಸಲೂ ಜಾಗ ಇರಲಿಲ್ಲ. ಕೆಳಗಿನ ನೀರು ತೆಗೆದು ನೀಲಿ ಹಾಕಿದರೆ ಮಧ್ಯಾಹ್ನದೊಳಗೆ ಬಣ್ಣ ಮಾಯ. ‘ಗೊಬ್ಬರ ಗಿಡಕ್ಕೆ ಸಿಕ್ತು, ಮೀನಿಗೆ ಉಸಿರು ಸಿಗ್ಲಿಲ್ಲ’ ಅಂದವನು ಅದೇ ಹುಡುಗ.

ಚರಂಡಿ ನೀರು ಮುಟ್ಟಿಸುತ್ತೀರಿ ಅಂತ ಇಬ್ಬರು ತಂದೆಯರು ಜಗಳಕ್ಕೆ ಬಂದರು. ಅವರು ಹೇಳಿದ್ದು ಸರಿ. ಅವತ್ತಿನಿಂದ ಕೈಗವಸು, ಹಗ್ಗ ಕಟ್ಟಿದ ಬಕೆಟ್, ನೀರಿಗೆ ಇಳಿಯುವುದು ನಾನೊಬ್ಬನೇ. ಕೈಗವಸು ಸೇರಿ ಇಡೀ ಪಾಠದ ಖರ್ಚು 650 ದಾಟಲಿಲ್ಲ. ಪರೀಕ್ಷೆಯಲ್ಲಿ 42ರಲ್ಲಿ 34 ಮಕ್ಕಳು ಜಲಮಾಲಿನ್ಯದ ಪ್ರಶ್ನೆಗೆ ಸ್ವಂತ ಮಾತಲ್ಲಿ ಉತ್ತರ ಬರೆದರು. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ನನ್ನ ಬಾಟಲಿಗಳನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಸಿಲಬಸ್ ಮುಗಿಸಿ ಅಂದಿದ್ದವರೂ ಒಂದು ಒಯ್ದರು.

ಈಗ ಹೊಸ ಪೇಚು. ಹೋದ ವಾರ ಒಬ್ಬಳು ಅಜ್ಜಿ ಕೊಟ್ಟ ಅಂಟುವಾಳ ನೆನೆಸಿ ತಂದಳು. ಅದೂ 5 ಸೆಂಟಿಮೀಟರ್ ನೊರೆ ಕೊಟ್ಟಿತು! ‘ಇದೂ ಕೆಟ್ಟದ್ದಾ ಸಾ?’ ಅಂದಳು. ನೊರೆಯ ಎತ್ತರ ಅಷ್ಟೇ ನೋಡಿದರೆ ಸಾಲದು, ನೊರೆ ಬರಿಸುವ ವಸ್ತುವನ್ನು ಬ್ಯಾಕ್ಟೀರಿಯಾ ಎಷ್ಟು ದಿನಕ್ಕೆ ತಿಂದು ಮುಗಿಸುತ್ತದೆ ಅಂತಲೂ ನೋಡಬೇಕು. ಸೋಪಿನ ಪುಡಿಯದು ಮೂರು ಬಾಟಲಿ, ಅಂಟುವಾಳದ್ದು ಮೂರು, ಆರಕ್ಕೂ ಒಂದೊಂದು ಚಮಚ ಕೆರೆ ನೀರು ಸೇರಿಸಿ ಬೀರುವಿನಲ್ಲಿ ಇಟ್ಟಿದ್ದೇವೆ. ಬೀಗದ ಕೈ ಅವಳ ಹತ್ತಿರವೇ ಇದೆ. ಸೋಮವಾರ ತೆಗೆದು ಮತ್ತೆ ಅಲ್ಲಾಡಿಸುತ್ತೇವೆ.