ಅರಳು ಮರಳು ಅಂತ ಕೈಬಿಡಬೇಡಿ: ಮರೆವಿನ ಕಾರಣ ಹುಡುಕುವುದು ಹೇಗೆ?

ನಮ್ಮ ಸೋದರಮಾವ ಟೊಮೆಟೊ ಬೆಳೆಗಾರರು. ಕೋಲಾರದ ಮಂಡಿಗೆ ಎಷ್ಟು ಬಾಕ್ಸ್ ಹೋಯಿತು, ಯಾವ ರೇಟಿಗೆ ಹೋಯಿತು, ಕಮಿಷನ್ ಎಷ್ಟು ಹಿಡಿದರು ಎಲ್ಲ ಬಾಯಲ್ಲೇ ಲೆಕ್ಕ. 57ನೇ ವಯಸ್ಸಿನಲ್ಲಿ ಒಂದು ದಿನ ಮಂಡಿಯಿಂದ ಬಂದು ದುಡ್ಡು ಎಣಿಸುತ್ತಾ ಕೂತರು. ಎಣಿಸಿದ ನೋಟನ್ನೇ ಮತ್ತೆ ಎಣಿಸಿದರು. ಕೊನೆಗೆ ಚೀಟಿಯನ್ನು ಅತ್ತೆಯ ಮುಂದೆ ಹಿಡಿದು, "ಇದು ಎಷ್ಟು ಬಾಕ್ಸಿಂದು, ಸ್ವಲ್ಪ ನೋಡೇ" ಅಂದರು.

ಅರವತ್ತಕ್ಕೆ ಅರಳು ಮರಳು ಅಂತಾರಲ್ವಾ, ಇವರಿಗೆ ಮೂರು ವರ್ಷ ಮುಂಚೆ ಬಂತು ಅಂತ ಮನೆಯವರು ಸುಮ್ಮನಾದೆವು. ಒಂದು ಕ್ಲಿನಿಕ್‌ನಲ್ಲಿ ಟೆನ್ಶನ್ ಅಂದರು. ಇನ್ನೊಂದು ಕಡೆ ನಿದ್ದೆ ಮಾತ್ರೆ ಬರೆದರು. ಹತ್ತು ತಿಂಗಳು ಹಾಗೇ ಹೋಯಿತು. ಕೊನೆಗೆ ದಾರಿ ತೋರಿಸಿದ್ದು ಅತ್ತೆ ಬರೆದಿಟ್ಟಿದ್ದ ಒಂದು ನೋಟ್‌ಬುಕ್.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮರೆವು, ಜೋಮು, ತೂರಾಟ, ಮಾತು ತಡವರಿಸುವುದು ಕಾಣುತ್ತಿದ್ದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಕಾಯಬಾರದ್ದು ಯಾವುದು?

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಿದ್ದುಹೋದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಜ್ವರದ ಜೊತೆ ಗೊಂದಲ, ಮೊದಲ ಸಲ ಬಂದ ಫಿಟ್ಸ್, ಎಚ್ಚರ ತಪ್ಪುವುದು, ಇವೂ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವು. ಸಕ್ಕರೆ ಕಾಯಿಲೆಯವರು ದಿಢೀರನೆ ಏನೇನೋ ಮಾತಾಡಿದರೆ ಮೊದಲು ಶುಗರ್ ನೋಡಿ. ಅದು 70ಕ್ಕಿಂತ ಕೆಳಗೆ ಇಳಿದಿರಬಹುದು.

ಇನ್ನೊಂದು ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ವಯಸ್ಸಾದವರು ಬಚ್ಚಲಲ್ಲಿ ಬಿದ್ದು ತಲೆಗೆ ಸಣ್ಣ ಏಟು ಬಿದ್ದಿರುತ್ತದೆ. ಗಾಯ ಮಾಯ್ದು ವಾರಗಳಾದ ಮೇಲೆ ಮಂಕಾಗುತ್ತಾರೆ, ಜಾಸ್ತಿ ನಿದ್ದೆ ಮಾಡುತ್ತಾರೆ. ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿರುವ ಸಾಧ್ಯತೆ ಇದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಈ ಅಪಾಯ ಹೆಚ್ಚು. ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಗೊತ್ತಾಗುತ್ತದೆ, ಆಪರೇಷನ್‌ನಿಂದ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ನೋಟ್‌ಬುಕ್ ಇಡಿ

ಓ.ಪಿ.ಡಿ.ಯಲ್ಲಿ ಡಾಕ್ಟರ್ ಎದುರು ನಿಮಗೆ ಸಿಗುವುದು ಕೆಲವೇ ನಿಮಿಷ. ಮರೆವು ಇರುವವರು ತಮ್ಮ ಮರೆವಿನ ಕಥೆಯನ್ನು ತಾವೇ ಹೇಳಲಾರರು. ಹಾಗಾಗಿ ಎರಡು ವಾರ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. "ಮರೆವು ಜಾಸ್ತಿ" ಅಂತ ಬರೆದರೆ ಏನೂ ತಿಳಿಯುವುದಿಲ್ಲ. "ಮಂಗಳವಾರ ಮೋಟರ್ ಸ್ವಿಚ್ ಹಾಕಿ ಬಂದು, ಹಾಕಿಲ್ಲ ಅಂತ ಮತ್ತೆ ಹೋದರು" ಅಂದರೆ ತಿಳಿಯುತ್ತದೆ. ಮೊದಲು ಶುರುವಾಗಿದ್ದು ಯಾವಾಗ, ದಿಢೀರನೆಯೋ ನಿಧಾನವೋ, ದಿನೇದಿನೇ ಹೆಚ್ಚುತ್ತಿದೆಯೋ ಬಂದು ಹೋಗುತ್ತಿದೆಯೋ ಅನ್ನುವುದೂ ಇರಲಿ. ನಿದ್ದೆ, ಗೊರಕೆ, ಕುಡಿತ, ಮನಸ್ಸಿನ ಬೇಸರ, ಇವನ್ನು ಮುಚ್ಚಿಡಬೇಡಿ. ಖಿನ್ನತೆಯಿಂದಲೂ ಥೇಟ್ ಮರೆಗುಳಿತನದಂತೆ ಕಾಣುವ ಮರೆವು ಬರುತ್ತದೆ.

ನಮ್ಮ ಕಡೆಯವರು ಇನ್ನೂ ಎರಡು ಬರೆಯಬೇಕು. ತೋಟಕ್ಕೆ ಯಾವ ಔಷಧಿ ಹೊಡೆದಿರಿ, ಯಾವ ದಿನ, ಮುಖಕ್ಕೆ ಬಟ್ಟೆ ಕಟ್ಟಿದ್ದಿರಾ? ಬಾಟಲಿಯ ಲೇಬಲ್ ಫೋಟೊ ತೆಗೆದುಕೊಳ್ಳಿ, ಕೆಲವು ಕೀಟನಾಶಕಗಳು ನರಕ್ಕೇ ಏಟು ಕೊಡುತ್ತವೆ. ಎರಡನೆಯದು ಕುಡಿಯುವ ನೀರು. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನೆಲುಬು ಬಿಗಿದು ಕಾಲು ಸೋಲುವುದುಂಟು.

ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದು, ಕೈ ಸೆಳೆಯುವುದು ಇಂಥದ್ದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಡಾಕ್ಟರ್ ಮುಂದೆ ಅದು ಮತ್ತೆ ಬರುತ್ತದೆ ಅನ್ನುವ ಖಾತ್ರಿ ಇಲ್ಲವಲ್ಲ.

ಅತ್ತೆಯ ನೋಟ್‌ಬುಕ್‌ನಲ್ಲಿ ಎರಡು ಸಾಲು ಇದ್ದವು: "ನಡೆಯುವಾಗ ಹವಾಯಿ ಚಪ್ಪಲಿ ಕಾಲಿಂದ ಕಳಚಿದ್ದು ಅವರಿಗೆ ಗೊತ್ತಾಗಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬೀಳೋ ಹಾಗೆ ಆಗ್ತಾರೆ." ಮರೆವಿಗೂ ಚಪ್ಪಲಿಗೂ ಏನು ಸಂಬಂಧ ಅಂತ ನಾನೇ ಆ ಪುಟ ಮಗುಚಲು ಹೋಗಿದ್ದೆ. ಡಾಕ್ಟರ್ ನನ್ನ ಕೈ ತಡೆದು ಅಲ್ಲೇ ಬೆರಳಿಟ್ಟರು.

ಮಾತ್ರೆ ಕವರ್

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿ ತಗೊಂಡು ಹೋಗಿ. ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಂದದ್ದು, ನಾಟಿ ಔಷಧಿ ಎಲ್ಲವೂ. ವಯಸ್ಸಾದವರಲ್ಲಿ ಕೆಲವು ಮಾತ್ರೆಗಳೇ ಮಂಕು ತರುತ್ತವೆ. ಮಾವ ಒಂಬತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರು. ಜೊತೆಗೆ ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ. ಬಹಳ ಕಾಲ ತಗೊಂಡರೆ ಎರಡೂ ದೇಹದಲ್ಲಿ ಬಿ12 ವಿಟಮಿನ್ ಇಳಿಸಬಲ್ಲವು. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಮೊದಲು ರಕ್ತ ಪರೀಕ್ಷೆ

ಬಿ12, ಥೈರಾಯ್ಡ್, ಸೋಡಿಯಂ, ಕ್ಯಾಲ್ಸಿಯಂ, ಶುಗರ್, ಕಿಡ್ನಿ, ಲಿವರ್, ರಕ್ತದ ಪೂರ್ತಿ ಎಣಿಕೆ. ಅಗತ್ಯ ಕಂಡರೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಹೇಳುತ್ತಾರೆ. ಅದಕ್ಕೆ ನಾಚಿಕೆ, ಕೋಪ ಬೇಡ. ಇವುಗಳಲ್ಲಿ ಸಿಗುವ ಎಷ್ಟೋ ಕಾರಣಗಳಿಗೆ ಚಿಕಿತ್ಸೆ ಇದೆ.

ಒಂದು ಎಚ್ಚರಿಕೆ. ಸುಸ್ತು ಅಂದ ಕೂಡಲೇ ಹಾಕುವ ಶಕ್ತಿಯ ಸೂಜಿಯನ್ನು ರಕ್ತ ಕೊಡುವ ಮೊದಲು ಹಾಕಿಸಬೇಡಿ. ಅದರಲ್ಲಿ ಬಿ12 ಇದ್ದರೆ ರಿಪೋರ್ಟ್ ನಾರ್ಮಲ್ ಅಂತ ಬಂದು ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಈಗಾಗಲೇ ಹಾಕಿಸಿದ್ದರೆ ತಾರೀಕು ಹೇಳಿ. ಬಿ12 ಕಡಿಮೆಯಾದರೆ ನೆನಪಿಗೂ ಪಾದದ ನರಗಳಿಗೂ ಪೆಟ್ಟು ಬೀಳಬಹುದು, ಚಪ್ಪಲಿಯ ಸಾಲಿನ ಮೇಲೆ ಡಾಕ್ಟರ್ ಬೆರಳಿಟ್ಟದ್ದು ಅದಕ್ಕೇ. ಮಾವನ ಬಿ12 ಬಂದದ್ದು 112. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಬಿ12 ಸೂಜಿ ಶುರುವಾಗಿ ನಾಲ್ಕು ತಿಂಗಳಿಗೆ ಮಂಡಿ ಲೆಕ್ಕ ಮತ್ತೆ ಬಾಯಿಗೆ ಬಂತು. ಪಾದದ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಆ ಹತ್ತು ತಿಂಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲಿಗೆ ಹೋಗುವುದು?

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು. ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಅದರಲ್ಲಿದ್ದವು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆಗುಳಿತನ ಈ ನಾಲ್ಕರ ಮೇಲೆ ಅದರ ಗಮನ. ಕೋಲಾರದವರು ಮೊದಲು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಅಲ್ಲಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಯೋಜನೆಯಡಿ ದೊಡ್ಡ ಆಸ್ಪತ್ರೆಗೆ ಸೇರಲು ಸಾಮಾನ್ಯವಾಗಿ ಆ ಚೀಟಿ ಬೇಕಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದಾದರೆ ಬೆಳಗಿನ ಜಾವದ ಬಸ್ ಹಿಡಿಯಿರಿ. ದಿನವೇ ಕಳೆಯುತ್ತದೆ. ಶುಗರ್ ಇರುವವರಿಗೆ ಊಟ, ಮಾತ್ರೆ ಜೊತೆಗಿರಲಿ. ಜೊತೆಗೆ ಹೋಗುವವರು ದಿನವೂ ಅವರೊಡನೆ ಇರುವವರೇ ಆಗಿರಲಿ. ಭಾನುವಾರಕ್ಕೊಮ್ಮೆ ಬರುವ ಮಗನಿಗೆ ಚಪ್ಪಲಿಯ ವಿಷಯ ಗೊತ್ತಿರುವುದಿಲ್ಲ.

ಅಲ್ಲಿ ನೆನಪಿನ ಪರೀಕ್ಷೆ ಮಾಡುತ್ತಾರೆ. ಇವತ್ತು ಯಾವ ವಾರ, ನೂರರಲ್ಲಿ ಏಳು ಹೋದರೆ ಎಷ್ಟು, ಈ ಮೂರು ಪದ ನೆನಪಿಡಿ, ಹೀಗೆ. ಪಕ್ಕದಲ್ಲಿ ಕೂತು ಪಿಸುಗುಟ್ಟಿ ಉತ್ತರ ಹೇಳಿಕೊಡಬೇಡಿ. ಕನ್ನಡಕ ಮರೆಯಬೇಡಿ. ಎಷ್ಟು ಓದಿದ್ದಾರೆ ಅಂತ ಮೊದಲೇ ತಿಳಿಸಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಆಗಿದ್ದರೆ ಅದನ್ನೂ ಹೇಳಿ. ಬಾರದ ಭಾಷೆಯಲ್ಲಿ ಕೇಳಿದರೆ ಚೆನ್ನಾಗಿರುವವರೂ ತಪ್ಪುತ್ತಾರೆ.

ಎಂಆರ್‌ಐ, ಇಇಜಿ ಹೇಳಿದರೆ ರಿಪೋರ್ಟ್ ಜೊತೆ ಫಿಲ್ಮ್, ಸಿ.ಡಿ. ಕೇಳಿ ಪಡೆಯಿರಿ. ಪೇಸ್‌ಮೇಕರ್ ಅಥವಾ ಮೈಯೊಳಗೆ ರಾಡು ಇದ್ದರೆ ಮೊದಲೇ ತಿಳಿಸಿ. ಬೆನ್ನುಹುರಿಯ ನೀರು ತೆಗೆಯಬೇಕು ಅಂದರೆ ಹೆದರಿ ಎದ್ದು ಬರಬೇಡಿ. ಮೆದುಳಿನ ಸೋಂಕು ಗೊತ್ತಾಗುವುದು ಎಷ್ಟೋ ಸಲ ಅದರಿಂದಲೇ.

ಎಲ್ಲ ನಾರ್ಮಲ್ ಅಂದರೆ?

ಸ್ಕ್ಯಾನ್ ನಾರ್ಮಲ್ ಇದ್ದ ಮಾತ್ರಕ್ಕೆ ತೊಂದರೆಯೇ ಇಲ್ಲ ಅಂತಲ್ಲ. "ಯಾವ ಯಾವ ಕಾಯಿಲೆ ಅಲ್ಲ ಅಂತ ಖಚಿತವಾಯಿತು? ಯಾವುದು ಇನ್ನೂ ಅನುಮಾನ? ಮತ್ತೆ ಯಾವಾಗ ಬರಬೇಕು?" ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲವರಿಗೆ ವಾಸಿಯಾಗದ ಕಾಯಿಲೆ ಅಂತಲೇ ಉತ್ತರ ಬರುತ್ತದೆ. ಆಗ ಪಹಣಿ, ಬ್ಯಾಂಕ್, ನಾಮಿನಿ, ಪಿಂಚಣಿಯ ಕೆಲಸಗಳನ್ನು ಮುಂದೂಡಬೇಡಿ. ಅವರಿಗೆ ಓದಿ ಹೇಳಿ, ಅವರ ಇಷ್ಟ ಕೇಳಿ, ಅವರು ತಿಳಿದು ಸಹಿ ಹಾಕುವಷ್ಟು ಚೆನ್ನಾಗಿರುವಾಗಲೇ ಮುಗಿಸಿ.