ಧಾರವಾಡ ಬರ್ತೈತಿ, ಬೆಂಗಳೂರು ಬರೂದಿಲ್ಲ

ಅಣ್ಣಿಗೇರಿಯಿಂದ ಸೋದರಮಾವ ಹಳೇ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ರೇಡಿಯೋ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಬಂದಿದ್ದರು. "ಅಳಿಯಾ, ಧಾರವಾಡ ಚೊಲೋ ಬರ್ತೈತಿ. ಅದರ ಕೆಳಗ ಮುಳ್ಳು ಇಳಿಸಿದ್ರ ಸುಮ್ ಆಗಿಬಿಡ್ತೈತಿ" ಅಂದರು. ಸೆಲ್ಲು ಹೊಸವೇ.

ಮೀಡಿಯಂ ವೇವ್‌ನಲ್ಲಿ ಧಾರವಾಡ 765 ಕಿಲೋಹರ್ಟ್ಸ್. ಅದರ ಕೆಳಗೆ ಭದ್ರಾವತಿ 675, ಬೆಂಗಳೂರು 612. ರಾತ್ರಿ ನನ್ನ ಸೆಟ್ಟಿನಲ್ಲಿ ಬೆಂಗಳೂರು ಕೇಳುತ್ತಿತ್ತು. ಮಾಮಾನ ಸೆಟ್ಟಿನಲ್ಲಿ ಗೊರಗೊರ ಸದ್ದೂ ಇಲ್ಲ. ಸ್ಟೇಷನ್ ಸಿಗದಿದ್ದರೆ ಗೊರಗೊರ ಆದರೂ ಇರಬೇಕಲ್ವಾ? ಆಗಲೇ ಸೆಟ್ಟಿನೊಳಗೇ ಅಲೆ ಹುಟ್ಟಿಸುವ ಆಸಿಲೇಟರ್ ಮೇಲೆ ಅನುಮಾನ ಬಂತು.

ಇಂಥ ಸೆಟ್ಟಿನಲ್ಲಿ ಮೊದಲ ಟ್ರಾನ್ಸಿಸ್ಟರ್‌ಗೆ ಎರಡು ಕೆಲಸ. ಏರಿಯಲ್ ಕಾಯಿಲ್‌ನಿಂದ ಬಂದ ಸಿಗ್ನಲ್ ಅದರ ಬೇಸ್‌ಗೆ ಹೋಗುತ್ತದೆ (ಬೇಸ್, ಕಲೆಕ್ಟರ್, ಎಮಿಟರ್ ಅಂತ ಅದಕ್ಕೆ ಮೂರು ಕಾಲು). ಅದೇ ಹೊತ್ತಿಗೆ ಕಲೆಕ್ಟರಿನ ಕರೆಂಟು ಆಸಿಲೇಟರ್ ಕಾಯಿಲ್ ಮೂಲಕ ಹಾದು, ಅದರ ಒಂದು ಪಾಲು ಎಮಿಟರ್‌ಗೆ ವಾಪಸ್ ಬರುತ್ತದೆ. ಹಾಗಾಗಿ ಅದು ತಾನೇ ಆಸಿಲೇಟ್ ಆಗುತ್ತದೆ, ತಾನೇ ಆ ಅಲೆಯನ್ನು ಸಿಗ್ನಲ್ ಜೊತೆ ಮಿಕ್ಸ್ ಮಾಡುತ್ತದೆ. ಆಸಿಲೇಟರ್ ಯಾವಾಗಲೂ ಸ್ಟೇಷನ್‌ಗಿಂತ 455 ಕಿಲೋಹರ್ಟ್ಸ್ ಮೇಲೆ ಓಡಬೇಕು. ಆ 455ರ ವ್ಯತ್ಯಾಸವನ್ನೇ (ಅದಕ್ಕೆ ಐಎಫ್, ನಡುವಿನ ಫ್ರೀಕ್ವೆನ್ಸಿ ಅನ್ನುತ್ತಾರೆ) ಐಎಫ್‌ಟಿ ಎಂಬ ಕಾಯಿಲ್‌ಗಳು ಹಿಡಿದು ಮುಂದಕ್ಕೆ ಕಳಿಸುವುದು.

ಹೀಗೆ ಒಂದಕ್ಕೇ ಎರಡು ಕೆಲಸ ಕೊಡುವುದು ಹೊಸ ಜಾಣತನ ಏನಲ್ಲ. 1920ರ ದಶಕದಲ್ಲಿ ಟ್ರಾನ್ಸಿಸ್ಟರ್ ಜಾಗದಲ್ಲಿದ್ದ ಗಾಜಿನ ವಾಲ್ವ್ ದುಬಾರಿ, ಅದರ ಫಿಲಮೆಂಟು ಬ್ಯಾಟರಿ ಕುಡಿಯುತ್ತಿತ್ತು. ಒಂದು ವಾಲ್ವ್ ಉಳಿದರೂ ಲಾಭ. ಆದರೆ ಆಗ ಐಎಫ್ ಬರೀ ಕೆಲವು ಹತ್ತು ಕಿಲೋಹರ್ಟ್ಸ್. ಸಿಗ್ನಲ್ಲೂ ಆಸಿಲೇಟರೂ ಪಕ್ಕಪಕ್ಕದಲ್ಲೇ, ಒಂದನ್ನೊಂದು ಎಳೆದಾಡುತ್ತಿದ್ದವು. ಹೀಗೆ ಮಿಕ್ಸ್ ಮಾಡುವ ಸೂಪರ್‌ಹೆಟ್ ರೇಡಿಯೋ ರೂಪಿಸಿದ ಆರ್ಮ್‌ಸ್ಟ್ರಾಂಗ್ ಜೊತೆ ಕೆಲಸ ಮಾಡುತ್ತಿದ್ದ ಹ್ಯಾರಿ ಹೌಕ್ ಆಸಿಲೇಟರನ್ನು ಸುಮಾರು ಅರ್ಧ ಫ್ರೀಕ್ವೆನ್ಸಿಯಲ್ಲಿ ಓಡಿಸಿ, ಅದರ ಎರಡನೇ ಹಾರ್ಮೋನಿಕ್, ಅಂದರೆ ಎರಡರಷ್ಟು ಫ್ರೀಕ್ವೆನ್ಸಿಯ ಅಲೆ, ಬಳಸಿದ. 1924ರ ರೇಡಿಯೋಲಾ ಸೂಪರ್‌ಹೆಟ್ ಅದೇ ಉಪಾಯದ್ದು. ನನಗೆ ಇದರಷ್ಟು ಇಷ್ಟವಾದ ಸರ್ಕ್ಯೂಟ್ ಇನ್ನೊಂದಿಲ್ಲ.

ಇನ್ನು ಪರೀಕ್ಷೆ. ಆಸಿಲೇಟರಿನ ಅಲೆ ಒಂದಿಷ್ಟು ಹೊರಗೂ ಸೋರುತ್ತದೆ; ಪಕ್ಕದ ರೇಡಿಯೋ ಅದನ್ನು ಹಿಡಿದರೆ ಅದರ ಗೊರಗೊರ ಅಡಗುತ್ತದೆ. ನನ್ನ ರೇಡಿಯೋ ಪಕ್ಕದಲ್ಲಿಟ್ಟು 1220ಕ್ಕೆ ತಿರುಗಿಸಿದೆ. ಅಲ್ಲಿ ಸ್ಟೇಷನ್ ಇರಲಿಲ್ಲ, ಬರೀ ಗೊರಗೊರ. ಮಾಮಾನ ಸೆಟ್ಟಿನ ಮುಳ್ಳು ಧಾರವಾಡದ ಮೇಲೆ ಬಂದಾಗ ಆ ಗೊರಗೊರ ಯಾರೋ ನುಂಗಿದ ಹಾಗೆ ಅಡಗಿತು. 765ಕ್ಕೆ 455 ಕೂಡಿಸಿ, ಸರಿಯಾಗಿ 1220. ಅಂದರೆ ಆಸಿಲೇಟರ್ ಓಡುತ್ತಿದೆ. ಆಮೇಲೆ ನನ್ನದನ್ನು 1067ಕ್ಕೆ (612ಕ್ಕೆ 455 ಕೂಡಿಸಿ) ಇಟ್ಟು, ಮಾಮಾನ ಸೆಟ್ಟಿನ ಮುಳ್ಳನ್ನು ಬೆಂಗಳೂರಿನ ಆಚೆ ಈಚೆ ಆಡಿಸಿದೆ. ಏನೂ ಆಗಲಿಲ್ಲ. ಅಲ್ಲಿ ಆಸಿಲೇಟರ್ ನಿಂತುಹೋಗಿತ್ತು.

ತಪ್ಪು ಮಾಡಿದ್ದು ಇಲ್ಲಿ. ಯೋಚನೆ ಮಾಡದೆ ಟ್ರಾನ್ಸಿಸ್ಟರ್ ಕಿತ್ತೆ. ಹಳೇ ಬಿಎಫ್ 194. ಅದರ ಜಾಗಕ್ಕೆ ಜಾಸ್ತಿ ಗೇನ್ ಇರುವುದೊಂದನ್ನು ಹಾಕಿದೆ. ಬೆಂಗಳೂರು ಬಂತು! ಖುಷಿ ಎರಡು ನಿಮಿಷ. ಮುಳ್ಳನ್ನು ಮೇಲಿನ ತುದಿಗೆ ಒಯ್ದರೆ ಎಣ್ಣೆ ಕಾಣದ ಗಾಣದ ಹಾಗೆ ಕಿರುಗುಟ್ಟಿತು. ಆಸಿಲೇಷನ್ ಅತಿಯಾಗಿ, ತಾನೇ ಬಿಟ್ಟು ಬಿಟ್ಟು ಓಡುತ್ತಿತ್ತು. ಕೆಳಗೆ ಸಾಲದು, ಮೇಲೆ ಹೆಚ್ಚು. ಅಂದರೆ ತೊಂದರೆ ಟ್ರಾನ್ಸಿಸ್ಟರ್‌ನದಲ್ಲ, ವಾಪಸ್ ಬರುವ ದಾರಿಯದು.

ಆ ದಾರಿಯಲ್ಲಿರುವುದು ಎಮಿಟರ್‌ಗೆ ಹೋಗುವ ಒಂದು 0.01 ಮೈಕ್ರೋಫ್ಯಾರಡ್ ಕಂಡೆನ್ಸರ್. ಅದರ ಮೈಕ್ರೋಫ್ಯಾರಡ್ ಕುಗ್ಗಿದರೆ ಮೊದಲು ಏಟು ಬೀಳುವುದು ಕಡಿಮೆ ಫ್ರೀಕ್ವೆನ್ಸಿಗೆ. ಲೆನ್ಸ್ ಹಿಡಿದು ನೋಡಿದರೆ ಒಂದು ಕಾಲು ಹಸಿರುಗಟ್ಟಿತ್ತು. ಇದನ್ನು ಮೊದಲೇ ನೋಡಬಾರದಿತ್ತಾ!

ಹೊಸ ಕಂಡೆನ್ಸರ್ ಹಾಕಿ, ಹಳೇ ಬಿಎಫ್ 194 ಅನ್ನೇ ಮತ್ತೆ ಬೆಸೆದೆ. ಕೀಳುವಾಗ ಅದರ ಒಂದು ಕಾಲು ಮೋಟಾಗಿತ್ತು, ತಂತಿ ತುಂಡು ಸೇರಿಸಬೇಕಾಯಿತು. ನನ್ನ ರೇಡಿಯೋ ಇನ್ನೂ 1067ರಲ್ಲೇ ಇತ್ತು. ಮಾಮಾ ತಾವೇ ಮುಳ್ಳು ತಿರುಗಿಸಿದರು. ಗೊರಗೊರ ಅಡಗಿತು. "ನಿಂದು ಬಂದ್ ಆತಲ್ಲೋ" ಅಂದರು.