ಮನೆಯಂಗಳದಲ್ಲಿ ಲೋವರ್ ಆರ್ಮ್ ಬದಲಿಸಿದ್ದು: ನನ್ನ ಅನುಭವ

ಸಾಗರ ಪಟ್ಟಣದ ಸುತ್ತಲಿನ ರಸ್ತೆಗಳಲ್ಲಿ ಕೆಲವು ಮಳೆಗಾಲ ಕಳೆದ ಸಣ್ಣ ಕಾರು ಹೊಂಡಕ್ಕಿಳಿದಾಗಲೆಲ್ಲ ಮುಂಭಾಗದಿಂದ ‘ಕಟ್ ಕಟ್’ ಎಂದರೆ ಎಲ್ಲರೂ ಮೊದಲು ದೂರುವುದು ಶಾಕ್ ಅಬ್ಸಾರ್ಬರನ್ನು. ನನ್ನ ಕಾರಿನ ಶಾಕ್‌ನಲ್ಲಿ ಎಣ್ಣೆ ಸೋರಿರಲಿಲ್ಲ. ಚಕ್ರವನ್ನು ಕಾರಿನ ಚೌಕಟ್ಟಿಗೆ ಕೆಳಗಿನಿಂದ ಜೋಡಿಸುವ ತೋಳಾದ ಲೋವರ್ ಆರ್ಮಿನ ಬುಷ್ (ಚೌಕಟ್ಟಿನ ಕಡೆಯ ರಬ್ಬರ್ ಕೀಲು) ಬಳಿ ಸಣ್ಣ ಹಾರೆಯಿಟ್ಟು ಮೀಟಿದಾಗ ರಬ್ಬರ್ ಸೀಳಿರುವುದೂ, ಚಕ್ರದ ಕಡೆಯ ಗುಂಡು ಕೀಲಾದ ಬಾಲ್ ಜಾಯಿಂಟಿನ ರಬ್ಬರ್ ಹೊದಿಕೆ ಹರಿದು ಗ್ರೀಸಿಗೆ ಕೆಂಪು ಕೆಸರು ಸೇರಿರುವುದೂ ಕಂಡಿತು. ಆ ಜಾಯಿಂಟ್ ಸವೆದು ಕಳಚಿಕೊಂಡರೆ ಚಕ್ರವೇ ಹೊರಳಿ ಸ್ಟಿಯರಿಂಗ್ ಹಿಡಿತ ತಪ್ಪುವುದರಿಂದ ಕೆಲಸವನ್ನು ಮುಂದೂಡುವಂತಿರಲಿಲ್ಲ.

ಹಳೆಯ ಬುಷ್ ತೆಗೆದು ಹೊಸದನ್ನು ಕೂರಿಸಲು ಪ್ರೆಸ್ ಬೇಕಾಗುತ್ತದೆ. ಆದ್ದರಿಂದ ಬುಷ್ ಮತ್ತು ಬಾಲ್ ಜಾಯಿಂಟ್ ಸಮೇತ ಸಿಗುವ ಇಡೀ ಆರ್ಮನ್ನೇ ಎರಡೂ ಬದಿಗೆ ತಂದೆ. ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗಿರುವ ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ಬದಲಿಸುವ ಕೆಲಸಕ್ಕೆ ಮಾತ್ರ ನಾನು ಮನೆಯಲ್ಲಿ ಕೈಹಾಕುವುದಿಲ್ಲ; ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ನಮ್ಮ ಕಡೆ ಕಾರನ್ನು ಜಾಕಿನಿಂದ ಎತ್ತಿ ಅಡಿಗೆ ಜಂಬಿಟ್ಟಿಗೆ ಕಲ್ಲನ್ನೋ ಸಿಮೆಂಟ್ ಇಟ್ಟಿಗೆಯನ್ನೋ ಕೊಡುವ ರೂಢಿಯಿದೆ. ಇವು ಯಾವ ಮುನ್ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಮುಂಭಾಗವನ್ನು ಎತ್ತಿ ಕೈಪಿಡಿ ತೋರಿಸುವ ಜಾಗಗಳಲ್ಲಿ ಎರಡು ಜಾಕ್ ಸ್ಟ್ಯಾಂಡ್ ನಿಲ್ಲಿಸಿದೆ. ಕಾರನ್ನು ಜೋರಾಗಿ ಅಲುಗಿಸಿ ನೋಡಿದ ಮೇಲೆಯೇ ಚಕ್ರ ಕಳಚಿದ್ದು. ಎರಡೂ ಬದಿ ಎತ್ತಬೇಕಾದದ್ದಕ್ಕೆ ಕಾರಣವಿದೆ: ಒಂದೇ ಬದಿ ಎತ್ತಿದರೆ ಎಡ-ಬಲ ಬದಿಗಳನ್ನು ಸೇರಿಸುವ ಕಂಬಿಯಾದ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡಿರುತ್ತದೆ, ಅದಕ್ಕೆ ಸೇರಿದ ಭಾಗ ಬಿಚ್ಚುವಾಗ ಫಕ್ಕನೆ ಎಗರಬಹುದು.

ಹಿಂದಿನ ಸಂಜೆಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದೆ. ಬಾಲ್ ಜಾಯಿಂಟನ್ನು ಹಿಡಿದಿರುವ ಅಡ್ಡ ಬೋಲ್ಟ್ ಆ ಜಾಯಿಂಟಿನ ಕಡ್ಡಿಯಲ್ಲಿರುವ ಕಚ್ಚಿನಲ್ಲಿ ಕೂತಿರುತ್ತದೆ. ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಇದು ತಿಳಿಯದವರು ಸುತ್ತಿಗೆಯಿಂದ ಬಡಿದು ಬಡಿದು ಒಳ್ಳೆಯ ಭಾಗವನ್ನೂ ಕೆಡಿಸುತ್ತಾರೆ. ಆರ್ಮನ್ನು ಕೆಳಗೆ ಮೀಟುವಾಗ ಬ್ರೇಕ್ ಪೈಪ್ ಜಗ್ಗದಂತೆ ನೋಡಿಕೊಂಡೆ.

ಹೊಸ ಆರ್ಮ್ ಕೂರಿಸುವುದು ಕಷ್ಟವಲ್ಲ, ಬಿಗಿಯುವ ಕ್ರಮದಲ್ಲಿ ಎಚ್ಚರ ಬೇಕು. ಈ ಬುಷ್‌ಗಳಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತದೆ. ಬೋಲ್ಟ್ ಬಿಗಿದಾಗ ಕೊಳವೆ ಅಲ್ಲೇ ಸ್ಥಿರವಾಗಿ, ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರ್ ತಿರುಚುತ್ತದೆ. ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬಿಗಿದುಬಿಟ್ಟರೆ ಕಾರು ನೆಲಕ್ಕಿಳಿದೊಡನೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಸೀಳುತ್ತದೆ. ‘ಹೊಸ ಬುಷ್ ಬಾಳಲೇ ಇಲ್ಲ’ ಎಂಬ ಅನೇಕ ದೂರುಗಳ ಹಿಂದೆ ಇದೇ ಇರುತ್ತದೆಂದು ನನ್ನ ಅನಿಸಿಕೆ. ನಾನು ಬೋಲ್ಟುಗಳನ್ನು ಕೈಬಿಗಿಯಷ್ಟೇ ಇಟ್ಟು, ಬಾಲ್ ಜಾಯಿಂಟಿನ ತುದಿಯ ಕೆಳಗೆ ಜಾಕ್ ಕೊಟ್ಟು, ಕಾರು ನೆಲದ ಮೇಲಿರುವಾಗಿನಷ್ಟು ಎತ್ತರಕ್ಕೆ ಆರ್ಮನ್ನು ಎತ್ತಿ, ಕಾರು ಸ್ಟ್ಯಾಂಡಿನಿಂದ ಏಳುವ ಮುನ್ನವೇ ನಿಲ್ಲಿಸಿ, ಚಕ್ರದ ಬದಿಯಿಂದಲೇ ಕೈಚಾಚಿ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಳತೆಗೆ ಬಿಗಿದೆ. ಲಾಕ್ ನಟ್ಟುಗಳು ಎಲ್ಲವೂ ಹೊಸವು.

ಚಕ್ರದ ನಟ್ಟುಗಳನ್ನು ಕಾರು ನೆಲಕ್ಕಿಳಿದ ಬಳಿಕ ಎದುರುಬದುರು ಕ್ರಮದಲ್ಲಿ ಬಿಗಿದು, ನಿಧಾನವಾಗಿ ಒಂದು ಸುತ್ತು ಓಡಿಸಿ, ಮತ್ತೊಮ್ಮೆ ಪರೀಕ್ಷಿಸಿದೆ. ಮರುದಿನ ವೀಲ್ ಅಲೈನ್‌ಮೆಂಟ್‌ಗೆ ಒಯ್ದಾಗ ಚಕ್ರಗಳ ಕೋನ ಸ್ವಲ್ಪ ಬದಲಾಗಿದ್ದದ್ದು ಯಂತ್ರದಲ್ಲಿ ಕಂಡಿತು; ಅದನ್ನು ಸರಿಪಡಿಸಿಕೊಂಡು ಬಂದೆ.